ಇರುಳಿನಲ್ಲಿ ರೈಲು ಹಿಡಿದ ಛಾಯಾಗ್ರಾಹಕ

(ಛಾಯಾಗ್ರಹಣ ಕಲಿಯುತ್ತಿರುವ ಯುವಕ ಯುವತಿಯರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ರಾತ್ರಿ ಹೊತ್ತು ರೈಲ್ವೆ ಗೇಟಿನ ಬಳಿ ಬಸ್ಸು ನಿಂತಾಗ ಕಿಟಕಿಯಿಂದ ಹೊರಗೆ ನೋಡಿದ ಅನುಭವ ನಿಮ್ಮಲ್ಲಿ ಬಹಳ ಜನರಿಗೆ ಇರಬೇಕು. ಮೊದಲು ದೂರದಲ್ಲಿ ಒಂದು ಬೆಳಕಿನ ಚುಕ್ಕೆ. ಅದು ಬೆಳೆಯುತ್ತ ಬಂದು ಕಣ್ಣು ಕೋರೈಸುತ್ತದೆ. ಆಮೇಲೆ ನೆಲ ನಡುಗಿಸುವ ಸದ್ದು, ಸಾಲಾಗಿ ಓಡುವ ಹಳದಿ ಕಿಟಕಿಗಳು, ಕೊನೆಗೆ ಒಂದು ಕೆಂಪು ದೀಪ. ಅಷ್ಟೇ. ಎಂಜಿನ್ ಹೇಗಿತ್ತು, ಅದರೊಳಗೆ ಯಾರಿದ್ದರು, ಗೇಟು ಹಾಕಿದವನ ಮುಖ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಮಗೆ ಉತ್ತರ ತಿಳಿಯದು. ಅಷ್ಟು ದೊಡ್ಡ ವಸ್ತು ಅಷ್ಟು ಹತ್ತಿರದಲ್ಲೇ ಹಾದುಹೋಗಿರುತ್ತದೆ. ನಾವು ಅದನ್ನು ಕೇಳಿರುತ್ತೇವೆಯೇ ಹೊರತು ನೋಡಿರುವುದಿಲ್ಲ.

ಹೀಗೆ ಕಾಣದೆ ಹೋಗುವ ರೈಲನ್ನು ಕಾಣುವಂತೆ ಮಾಡಲು ಐದು ವರ್ಷ ದುಡಿದ ಒಬ್ಬ ಮನುಷ್ಯನ ಬಗ್ಗೆ ಈ ಹೊತ್ತು ಮಾತನಾಡಬೇಕೆಂದಿದ್ದೇನೆ. ಅವರ ಹೆಸರು ಓ. ವಿನ್‌ಸ್ಟನ್ ಲಿಂಕ್. ಅಮೆರಿಕದವರು. 1955ರಿಂದ 1960ರವರೆಗೆ ವರ್ಜೀನಿಯಾ, ಪಶ್ಚಿಮ ವರ್ಜೀನಿಯಾ ಮೊದಲಾದ ರಾಜ್ಯಗಳಲ್ಲಿ ಅವರು ಉಗಿ ರೈಲುಗಳ ಚಿತ್ರ ತೆಗೆದರು. ಸುಮಾರು 2,400 ನೆಗೆಟಿವ್‌ಗಳು ಅವರ ಆ ದುಡಿಮೆಯ ಫಲ. ಅವುಗಳಲ್ಲಿ ಅತ್ಯಂತ ಹೆಸರಾದವು ರಾತ್ರಿಯ ಚಿತ್ರಗಳು. ಅವನ್ನು ತೆಗೆದ ಬಗೆಯೇನು, ಆ ಬಗೆಯಿಂದ ಆ ಚಿತ್ರಗಳಿಗೆ ಬಂದ ಅರ್ಥವೇನು ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ.

ಕತ್ತಲು, ವೇಗ, ದೂರ

ರಾತ್ರಿ ರೈಲಿನ ಚಿತ್ರ ತೆಗೆಯುವುದು ಏಕೆ ಕಷ್ಟ? ಮೊದಲನೆಯ ಅಡ್ಡಿ ವೇಗ. ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ವೇಗದ ರೈಲು ಒಂದು ಸೆಕೆಂಡಿನಲ್ಲಿ ಸುಮಾರು 27 ಮೀಟರ್ ಮುಂದೆ ಹೋಗಿರುತ್ತದೆ. ಕ್ಯಾಮೆರಾದ ಷಟರ್ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು ತೆರೆದರೂ ಅಷ್ಟರಲ್ಲಿ ರೈಲು 27 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು, ಜರುಗಿರುತ್ತದೆ. ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಫಿಲ್ಮಿನ ಮೇಲೆ ಉಳಿಯುವುದು ದೀಪಗಳು ಎಳೆದ ಗೆರೆಗಳು ಮಾತ್ರ. ಬೇಗ ಮುಚ್ಚಿದರೆ ಏನೂ ಉಳಿಯುವುದಿಲ್ಲ.

ಎರಡನೆಯ ಅಡ್ಡಿ ಬೆಳಕಿನ ಸ್ವಭಾವವೇ. ದೀಪದಿಂದ ದೂರ ಇಮ್ಮಡಿಯಾದರೆ ವಸ್ತುವಿನ ಮೇಲೆ ಬೀಳುವ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ದೂರ ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗ. ಮದುವೆ ಮನೆಯಲ್ಲಿ ಮುಂದಿನ ಸಾಲಿನವರ ಮುಖ ಬೆಳ್ಳಗೆ ಬಂದು ಹಿಂದಿನವರು ಕತ್ತಲಲ್ಲಿ ಮುಳುಗುವುದು ಇದೇ ಕಾರಣಕ್ಕೆ. ಇನ್ನು ಉಗಿ ಎಂಜಿನ್ನೋ, ಮಸಿ ಬಳಿದಂತಹ ಕಪ್ಪು ಕಬ್ಬಿಣ. ಬಿದ್ದ ಬೆಳಕಿನ ಬಹುಪಾಲನ್ನು ಅದು ನುಂಗಿಬಿಡುತ್ತದೆ. ಕ್ಯಾಮೆರಾದ ಬಳಿ ಎಷ್ಟೇ ದೊಡ್ಡ ದೀಪವಿಟ್ಟರೂ ನೂರಾರು ಅಡಿ ಉದ್ದದ ರೈಲನ್ನು, ಅದರ ಹಿಂದಿನ ಊರನ್ನು ಒಂದೇ ಕಡೆಯಿಂದ ಬೆಳಗಲಾಗದು. ಬೆಳಕನ್ನು ವಸ್ತುವಿನ ಹತ್ತಿರಕ್ಕೆ ಒಯ್ಯಬೇಕು. ಹಳಿಯ ಉದ್ದಕ್ಕೂ, ಮರದ ಹಿಂದೆ, ಮಾಡಿನ ಕೆಳಗೆ, ಅಲ್ಲಲ್ಲಿ ದೀಪ ಹಂಚಬೇಕು. ಹಂಚಿದ ದೀಪಗಳೆಲ್ಲ ಒಂದೇ ಗಳಿಗೆಗೆ ಬೆಳಗಬೇಕು.

ಲಿಂಕ್ ಬಳಸಿದ್ದು ಫ್ಲ್ಯಾಷ್ ಬಲ್ಬುಗಳನ್ನು. ಹಿಂದೆ ಮೆಗ್ನೀಷಿಯಂ ಪುಡಿಯನ್ನು ತಟ್ಟೆಯಲ್ಲಿ ಸುರಿದು ಹೊತ್ತಿಸುತ್ತಿದ್ದರು. ಹೊಗೆ, ಬೂದಿ, ಬೆಂಕಿಯ ಭಯ ಅದರ ಜೊತೆಗೇ ಇದ್ದವು. 1929ರಲ್ಲಿ ಜರ್ಮನಿಯಲ್ಲಿ, ಮರುವರ್ಷ ಅಮೆರಿಕದಲ್ಲಿ ಫ್ಲ್ಯಾಷ್ ಬಲ್ಬು ಮಾರಾಟಕ್ಕೆ ಬಂದ ಮೇಲೆ ಆ ಭಯ ತಪ್ಪಿತು. ಗಾಜಿನ ಬುರುಡೆಯೊಳಗೆ ಅತಿ ತೆಳುವಾದ ಲೋಹದ ಹಾಳೆ ಅಥವಾ ಎಳೆ, ಸುತ್ತ ಆಮ್ಲಜನಕ. ವಿದ್ಯುತ್ ಹರಿದೊಡನೆ ಲೋಹ ಒಮ್ಮೆಲೇ ಉರಿದುಹೋಗುತ್ತದೆ. ಒಂದು ಬಲ್ಬಿಗೆ ಒಂದೇ ಬೆಳಕು. ಉರಿದ ಬಲ್ಬನ್ನು ಎಸೆಯಬೇಕು. ಇಂದಿನ ಎಲೆಕ್ಟ್ರಾನಿಕ್ ಫ್ಲ್ಯಾಷ್ ಅದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಬೆಳಗುತ್ತದೆ, ಸಾವಿರಾರು ಸಲ ಬೆಳಗುತ್ತದೆ. ಆದರೆ ಒಂದೇ ಸಲಕ್ಕೆ ಚೆಲ್ಲುವ ಬೆಳಕಿನ ಮೊತ್ತದಲ್ಲಿ ಆ ಹಳೆಯ ಬುರುಡೆ ಸಣ್ಣ ಸಾಮಾನಲ್ಲ.

ಹವಾನಿಯಂತ್ರಣ ಯಂತ್ರದಿಂದ ಹೊಗೆಗಾಡಿಗೆ

ಲಿಂಕ್ ಹುಟ್ಟಿದ್ದು 1914ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಓದಿದ್ದು ಸಿವಿಲ್ ಎಂಜಿನಿಯರಿಂಗ್. ಹೊಟ್ಟೆಪಾಡಿಗೆ ಹಿಡಿದದ್ದು ಕ್ಯಾಮೆರಾ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ನೀರಿನಡಿಯ ಜಲಾಂತರ್ಗಾಮಿಗಳನ್ನು ವಿಮಾನದಿಂದ ಪತ್ತೆ ಮಾಡುವ ಉಪಕರಣ ತಯಾರಾಗುತ್ತಿದ್ದ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನಲ್ಲಿ ಸ್ವಂತ ಸ್ಟುಡಿಯೋ ತೆರೆದು ಕಾರ್ಖಾನೆಗಳ, ಕಂಪೆನಿಗಳ ಜಾಹೀರಾತು ಚಿತ್ರ ತೆಗೆಯತೊಡಗಿದರು. ಎಂಜಿನಿಯರನ ಲೆಕ್ಕಾಚಾರ, ಜಾಹೀರಾತಿನವನ ಅಚ್ಚುಕಟ್ಟು, ಇವೆರಡೂ ಅವರಲ್ಲಿ ಕೂಡಿದ್ದವು ಎಂಬುದನ್ನು ನೆನಪಿಡಿ.

1955ರ ಜನವರಿಯಲ್ಲಿ ಹವಾನಿಯಂತ್ರಣ ಯಂತ್ರಗಳ ಚಿತ್ರ ತೆಗೆಯಲು ಅವರು ವರ್ಜೀನಿಯಾದ ಸ್ಟಾಂಟನ್ ಎಂಬ ಊರಿಗೆ ಹೋದರು. ಹತ್ತಿರದ ವೇನ್ಸ್‌ಬರೋದಲ್ಲಿ ನಾರ್ಫೋಕ್ ಅಂಡ್ ವೆಸ್ಟರ್ನ್ ಎಂಬ ರೈಲ್ವೆಯ ಹಳಿಯಿತ್ತು. ಸಂಜೆ ಬಿಡುವಾದಾಗ ಅತ್ತ ಹೋದ ಅವರಿಗೆ ಕಂಡದ್ದು ಬುಸುಗುಡುವ ಉಗಿ ಎಂಜಿನ್. ಅಮೆರಿಕದ ಬೇರೆ ದೊಡ್ಡ ರೈಲ್ವೆಗಳೆಲ್ಲ ಆ ಹೊತ್ತಿಗೆ ಬಹುಮಟ್ಟಿಗೆ ಡೀಸೆಲ್ಲಿಗೆ ತಿರುಗಿದ್ದವು. ಈ ಒಂದು ರೈಲ್ವೆ ಮಾತ್ರ ಉಗಿಯನ್ನು ಬಿಟ್ಟಿರಲಿಲ್ಲ. ಕಾರಣ ಸರಳ: ಅದು ಬದುಕುತ್ತಿದ್ದುದೇ ಕಲ್ಲಿದ್ದಲು ಸಾಗಿಸಿ. ಬೆಟ್ಟಗಳ ಗಣಿಯಿಂದ ನಾರ್ಫೋಕ್ ಬಂದರಿಗೆ ಕಲ್ಲಿದ್ದಲು ಒಯ್ಯುವ ರೈಲ್ವೆಗೆ ಕಲ್ಲಿದ್ದಲನ್ನೇ ಉರಿಸುವುದು ಅಗ್ಗ. ರೋನೋಕ್ ನಗರದ ತನ್ನದೇ ಕಾರ್ಖಾನೆಯಲ್ಲಿ 1953ರವರೆಗೂ ಅದು ಉಗಿ ಎಂಜಿನ್ ಕಟ್ಟುತ್ತಿತ್ತು.

ಮೊದಲ ಚಿತ್ರಗಳನ್ನು ಜೊತೆಗಿಟ್ಟು ಲಿಂಕ್ ರೈಲ್ವೆಯವರಿಗೆ ಪತ್ರ ಬರೆದರು, ಅನುಮತಿ ಸಿಕ್ಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಆ ರೈಲ್ವೆ ತಾನೂ ಡೀಸೆಲ್ ಎಂಜಿನ್ ಕೊಳ್ಳುವುದಾಗಿ ಪ್ರಕಟಿಸಿತು. ಅಂದರೆ ಕೆಲಸ ಶುರುವಾದಾಗಲೇ ಗಡುವು ಗೊತ್ತಾಗಿಹೋಯಿತು. ಯಾರೂ ಅವರಿಗೆ ಈ ಕೆಲಸ ಒಪ್ಪಿಸಿರಲಿಲ್ಲ, ಹಣ ಕೊಟ್ಟಿರಲಿಲ್ಲ. ಜಾಹೀರಾತಿನಲ್ಲಿ ಗಳಿಸಿದ್ದನ್ನು ಬಲ್ಬು, ಫಿಲ್ಮು, ಪ್ರಯಾಣಕ್ಕೆ ಸುರಿಯುತ್ತ ಐದು ವರ್ಷಗಳಲ್ಲಿ ಇಪ್ಪತ್ತರಷ್ಟು ಸಲ ಅವರು ನ್ಯೂಯಾರ್ಕಿನಿಂದ ಅಲ್ಲಿಗೆ ಹೋಗಿಬಂದರು.

ಹಗಲನ್ನು ಬಿಟ್ಟು ರಾತ್ರಿಯನ್ನೇಕೆ ಹಿಡಿದರು? ಅವರೇ ಕೊಡುತ್ತಿದ್ದ ಉತ್ತರದ ಸಾರ ಇಷ್ಟು: ಸೂರ್ಯ ಯಾವಾಗಲೂ ಬೇಡದ ಕಡೆಗೇ ಇರುತ್ತಾನೆ, ಅವನನ್ನು ಸರಿಸಲಾಗದು; ಹಳಿಯನ್ನೂ ಸರಿಸಲಾಗದು; ಹಾಗಾಗಿ ಬೆಳಕನ್ನು ತಾನೇ ಮಾಡಿಕೊಳ್ಳಬೇಕಾಯಿತು. ಇದು ಕಸುಬುದಾರನ ಮಾತು. ಹಗಲಿನ ಚಿತ್ರದಲ್ಲಿ ವಿದ್ಯುತ್ ಕಂಬ, ತಂತಿ, ಕಸದ ಗುಂಡಿ, ಯಾರದೋ ಲಾರಿ ಎಲ್ಲವೂ ಕರೆಯದೆ ಬಂದು ಕೂರುತ್ತವೆ. ರಾತ್ರಿ ಹಾಗಲ್ಲ. ಯಾವುದಕ್ಕೆ ದೀಪ ಇಟ್ಟಿದ್ದೀರೋ ಅದು ಮಾತ್ರ ಇದೆ, ಉಳಿದದ್ದು ಇಲ್ಲವೇ ಇಲ್ಲ. ಇನ್ನೊಂದು ಲಾಭವೂ ಇತ್ತು. ಕಪ್ಪು ಆಕಾಶದ ಎದುರು ಎಂಜಿನ್ನಿನ ಬಿಳಿಯ ಉಗಿಗೆ ಬೆಳಕು ತಾಗಿದರೆ ಅದು ಹತ್ತಿಯ ಬೆಟ್ಟದಂತೆ ಎದ್ದು ಕಾಣುತ್ತದೆ.

ಕೆಲಸದ ಕ್ರಮ ಹೀಗಿತ್ತು. ಜಾಗವನ್ನು ಮೊದಲೇ ನೋಡಿ ಗೊತ್ತು ಮಾಡಿಕೊಳ್ಳುವುದು. ಸಹಾಯಕನೊಡನೆ ದೀಪದ ಕಂಬಗಳನ್ನು ನಿಲ್ಲಿಸಿ ಹಳಿಯ ಬದಿಯಲ್ಲಿ, ಪೊದೆಗಳ ನಡುವೆ ತಂತಿ ಎಳೆಯುವುದು. ಕ್ಯಾಮೆರಾ ನಾಲ್ಕು ಅಂಗುಲಕ್ಕೆ ಐದು ಅಂಗುಲದ ಫಿಲ್ಮಿನದು; ಒಮ್ಮೊಮ್ಮೆ ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ಹೂಡುತ್ತಿದ್ದರು. ಬಲ್ಬುಗಳು ಕೆಲವು ಸಲ ಐವತ್ತು ಅರವತ್ತರವರೆಗೂ ಹೋಗುತ್ತಿದ್ದವು. ಇವೆಲ್ಲವನ್ನು ಒಂದೇ ಕ್ಷಣಕ್ಕೆ ಹೊತ್ತಿಸಿ, ಅದೇ ಕ್ಷಣಕ್ಕೆ ಷಟರುಗಳನ್ನು ತೆರೆಯುವ ವಿದ್ಯುತ್ ಪೆಟ್ಟಿಗೆಯನ್ನು ಲಿಂಕ್ ತಾವೇ ರೂಪಿಸಿಕೊಂಡಿದ್ದರು. ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದ್ದರಿಂದ ಒಂದರ ಸಂಪರ್ಕ ತಪ್ಪಿದರೂ ಆ ಸಾಲೆಲ್ಲ ಕತ್ತಲು. ಹಬ್ಬದ ದೀಪದ ಸರ ಕೈಕೊಟ್ಟಾಗ ಯಾವ ಬಲ್ಬು ಕೆಟ್ಟಿದೆ ಎಂದು ಹುಡುಕಿದವರಿಗೆ ಈ ಕಷ್ಟ ಗೊತ್ತು. ಹಬ್ಬದ ಸರ ನಾಳೆಯಾದರೂ ಬೆಳಗೀತು. ರೈಲು ಮಾತ್ರ ಕಾಯುವುದಿಲ್ಲ. ಇಡೀ ದಿನದ ದುಡಿಮೆಗೆ ಫಲ ಒಂದೇ ಒಂದು ಚಿತ್ರ. ಬಂತೋ ಇಲ್ಲವೋ ತಿಳಿಯುವುದು ಫಿಲ್ಮು ತೊಳೆದ ಮೇಲೆ.

ಚಿತ್ರದೊಳಗಿನ ಜನ

ಈಗ ಕೆಲವು ಚಿತ್ರಗಳನ್ನೇ ನೋಡೋಣ. ಅತ್ಯಂತ ಪ್ರಸಿದ್ಧವಾದದ್ದು 1956ರ ಆಗಸ್ಟ್ 2ರಂದು ಪಶ್ಚಿಮ ವರ್ಜೀನಿಯಾದ ಈಗರ್ ಎಂಬ ಊರಿನಲ್ಲಿ ತೆಗೆದದ್ದು. ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಬಯಲು ಚಿತ್ರಮಂದಿರ. ಸಾಲುಗಟ್ಟಿದ ಕಾರುಗಳು. ಮುಂಬದಿಯಲ್ಲಿ ಮಾಡು ಮಡಚಿದ ಕಾರೊಂದರಲ್ಲಿ ಒಬ್ಬ ತರುಣ, ಒಬ್ಬ ತರುಣಿ ಒತ್ತಿ ಕುಳಿತಿದ್ದಾರೆ. ಕಾರು ಲಿಂಕ್ ಅವರದೇ. ಎದುರಿನ ಪರದೆಯ ಮೇಲೆ ಜೆಟ್ ವಿಮಾನ ಹಾರುತ್ತಿದೆ. ಬಲಗಡೆ, ಚಿತ್ರಮಂದಿರದ ಆಚೆ, ಬಿಳಿಯ ಉಗಿ ಕಾರುತ್ತ ಸರಕು ರೈಲೊಂದು ಹಾದುಹೋಗುತ್ತಿದೆ. ಯಾರೂ ಅದರ ಕಡೆ ತಿರುಗಿ ನೋಡುತ್ತಿಲ್ಲ. ರೈಲು, ಕಾರು, ವಿಮಾನ, ಮೂರು ಕಾಲದ ಮೂರು ವಾಹನಗಳು ಒಂದೇ ಚೌಕಟ್ಟಿನಲ್ಲಿ. ಅವುಗಳಲ್ಲಿ ಯಾವುದರ ಕಾಲ ಮುಗಿಯುತ್ತಿದೆ ಎಂದು ಯಾರೂ ವಿವರಿಸಬೇಕಾಗಿಲ್ಲ.

ಇಲ್ಲೊಂದು ಗುಟ್ಟಿದೆ. ನಲವತ್ತಕ್ಕೂ ಹೆಚ್ಚು ಬಲ್ಬುಗಳು ಒಟ್ಟಿಗೆ ಉರಿದಾಗ ಆ ಬೆಳಕಿಗೆ ಪರದೆಯ ಮೇಲಿನ ಚಿತ್ರ ಅಳಿಸಿಹೋಯಿತು. ಪರದೆಯ ವಿಮಾನವನ್ನು ಬೇರೆ ನೆಗೆಟಿವ್‌ನಿಂದ ತಂದು ಲಿಂಕ್ ಕತ್ತಲ ಕೋಣೆಯಲ್ಲಿ ಸೇರಿಸಿದರು. ಹಾಗಾದರೆ ಇದು ಮೋಸವೇ? ನಿಮ್ಮಲ್ಲಿ ಪತ್ರಿಕಾ ಛಾಯಾಗ್ರಹಣಕ್ಕೆ ಹೋಗುವವರು ಈ ಪ್ರಶ್ನೆಯನ್ನು ಕೇಳಲೇಬೇಕು. ಸುದ್ದಿಯ ಚಿತ್ರ ಎಂದು ಇದನ್ನು ಕೊಟ್ಟಿದ್ದರೆ ಖಂಡಿತ ಮೋಸವಾಗುತ್ತಿತ್ತು. ಜನರನ್ನು ಕೂರಿಸಿದ್ದು, ಕಾರು ನಿಲ್ಲಿಸಿದ್ದು, ದೀಪ ಇಟ್ಟಿದ್ದು ಎಲ್ಲವೂ ಪೂರ್ವಯೋಜಿತ. ಆದರೆ ಆ ಊರಿನಲ್ಲಿ ಬಯಲು ಚಿತ್ರಮಂದಿರವಿತ್ತು, ಅದರ ಪಕ್ಕದಲ್ಲೇ ರಾತ್ರಿ ರೈಲು ಹೋಗುತ್ತಿತ್ತು, ಜನ ಅದನ್ನು ಲೆಕ್ಕಿಸದೆ ಸಿನಿಮಾ ನೋಡುತ್ತಿದ್ದರು, ಇವು ಯಾವುವೂ ಸುಳ್ಳಲ್ಲ. ನಾಟಕದವರು ನಿಜವಾದ ಮನೆಯಲ್ಲಿ, ಆ ಮನೆಯವರನ್ನೇ ಪಾತ್ರಧಾರಿಗಳನ್ನಾಗಿ ಮಾಡಿ ಆಡಿಸಿದ ಹಾಗೆ ಈ ಚಿತ್ರ. ಇದನ್ನು ಹೇಗೆ ಮಾಡಿದರೆಂದು ತಿಳಿದು ನೋಡಿದರೆ ಅದರ ಬೆಲೆ ಕಡಿಮೆಯಾಗುವುದಿಲ್ಲ. ತಿಳಿಯದೆ ನೋಡಿದರೆ ಮಾತ್ರ ದಾರಿ ತಪ್ಪುವ ಭಯವಿದೆ.

ಇನ್ನೊಂದು ಚಿತ್ರ 1955ರ ಡಿಸೆಂಬರಿನದು, ವರ್ಜೀನಿಯಾದ ಲಿಥಿಯಾದಲ್ಲಿ. ಒಂದು ಮನೆಯ ನಡುಮನೆ. ಹೆಂಗಸೊಬ್ಬರು ಬೆಕ್ಕಿನೊಡನೆ ಕುಳಿತಿದ್ದಾರೆ. ಚಿಕ್ಕ ಹುಡುಗನೊಬ್ಬ ಕಿಟಕಿಯತ್ತ ತಿರುಗಿ ಕೈಬೀಸುತ್ತಿದ್ದಾನೆ. ಕಿಟಕಿಯಾಚೆ, ಕೈಚಾಚಿದರೆ ಸಿಗುವಂತೆ, ರೈಲು ಹೋಗುತ್ತಿದೆ. 1956ರಲ್ಲಿ ಲೂರೇ ಎಂಬಲ್ಲಿ ತೆಗೆದ ಮತ್ತೊಂದರಲ್ಲಿ ಮಕ್ಕಳು ರಾತ್ರಿ ಹೊಳೆಯಲ್ಲಿ ಆಡುತ್ತಿದ್ದಾರೆ, ಮೇಲಿನ ಸೇತುವೆಯ ಮೇಲೆ ರೈಲು. ರೈಲಿನ ಹುಚ್ಚಿನವರು ತೆಗೆದ ಚಿತ್ರಗಳಲ್ಲಿ ಸಾಮಾನ್ಯವಾಗಿ ಎಂಜಿನ್ನೇ ಮಧ್ಯದಲ್ಲಿರುತ್ತದೆ, ನಂಬರು ಸಹಿತ. ಲಿಂಕ್ ಅನೇಕ ಚಿತ್ರಗಳಲ್ಲಿ ಅದನ್ನು ಬದಿಗೆ, ಹಿಂದಕ್ಕೆ ಸರಿಸಿದರು. ಅವರ ದೀಪಗಳಲ್ಲಿ ಎಷ್ಟೋ ಬೆಳಗಿದ್ದು ರೈಲನ್ನಲ್ಲ, ರೈಲಿನ ಪಕ್ಕದಲ್ಲಿ ಬದುಕುತ್ತಿದ್ದವರನ್ನು. ಇದಕ್ಕೆ ತಾಂತ್ರಿಕ ಕಾರಣವನ್ನೂ ಕೊಡಬಹುದು: ಪ್ರತಿಯೊಂದು ಮುಖಕ್ಕೂ ಬೇರೆಯೇ ದೀಪ ಇಡಬೇಕಾದಾಗ, ಯಾವ ಮುಖಕ್ಕೆ ಇಡಬೇಕು ಎಂದು ಯೋಚಿಸದೆ ವಿಧಿಯಿಲ್ಲ.

ಕಣ್ಣಿಗಷ್ಟೇ ಅಲ್ಲ, ಕಿವಿಗೂ ಅವರು ದಾಖಲೆ ಉಳಿಸಿದರು. ಉಗಿ ರೈಲಿನ ಸದ್ದುಗಳನ್ನು ಟೇಪಿನಲ್ಲಿ ಹಿಡಿದು 1957ರಿಂದ ಗ್ರಾಮಫೋನ್ ತಟ್ಟೆಗಳಾಗಿ ಹೊರತಂದರು. ಅದೇ ವರ್ಷ ಕ್ರಿಸ್‌ಮಸ್ ಹಿಂದಿನ ರಾತ್ರಿ ರೂರಲ್ ರಿಟ್ರೀಟ್ ಎಂಬ ಸಣ್ಣ ನಿಲ್ದಾಣದಲ್ಲಿ, ಚರ್ಚಿನ ಗಂಟೆಗಳ ಹಾಡಿನ ನಡುವೆ ರೈಲು ಬಂದು ನಿಂತು ಹೊರಡುವುದನ್ನು ಧ್ವನಿಮುದ್ರಿಸಿದರು. ಹೊರಟ ರೈಲಿನ ಉಸಿರು ದೂರ ಸರಿದಂತೆ ಗಂಟೆಯ ಹಾಡು ಮತ್ತೆ ಕೇಳುತ್ತದೆ.

1960ರಲ್ಲಿ ಆ ರೈಲ್ವೆಯಲ್ಲಿ ಉಗಿಯ ಕಾಲ ಮುಗಿಯಿತು. ಲಿಂಕ್ ಮತ್ತೆ ಜಾಹೀರಾತಿಗೆ ಮರಳಿದರು. ಎರಡು ದಶಕಕ್ಕೂ ಹೆಚ್ಚು ಕಾಲ ಕಲಾಲೋಕ ಇವರನ್ನು ಗಮನಿಸಲಿಲ್ಲ. 1983ರಲ್ಲಿ ಸಂಗ್ರಹಾಲಯದ ಪ್ರದರ್ಶನ, 1987ರಲ್ಲಿ ಪುಸ್ತಕ, ಆಮೇಲೆ ಒಮ್ಮೆಲೇ ಖ್ಯಾತಿ. 1999ರ 'ಅಕ್ಟೋಬರ್ ಸ್ಕೈ' ಚಲನಚಿತ್ರದಲ್ಲಿ ಅವರು ಎಂಜಿನ್ ಚಾಲಕನಾಗಿ ಕಾಣಿಸಿಕೊಂಡರು. 2001ರಲ್ಲಿ ತೀರಿಕೊಂಡರು. 2004ರಲ್ಲಿ ರೋನೋಕ್‌ನ ಹಳೆಯ ರೈಲು ನಿಲ್ದಾಣದ ಕಟ್ಟಡದಲ್ಲಿ ಅವರ ಚಿತ್ರಗಳ ಸಂಗ್ರಹಾಲಯ ತೆರೆಯಿತು.

ದೀಪ ಬೀಳದ ಕಡೆ

ಮೆಚ್ಚುಗೆಯನ್ನು ಇಷ್ಟಕ್ಕೇ ಮುಗಿಸಿದರೆ ತಪ್ಪಾದೀತು. ದೀಪ ಇಟ್ಟದ್ದು ಮಾತ್ರ ಕಾಣುತ್ತದೆ ಎಂದೆ. ಹಾಗಾದರೆ ದೀಪ ಇಡದ ಕಡೆ ಏನಿತ್ತು? ಆ ವರ್ಷಗಳಲ್ಲಿ ವರ್ಜೀನಿಯಾದಲ್ಲಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆಗಳಿದ್ದವು. ಮಕ್ಕಳನ್ನು ಒಟ್ಟಿಗೆ ಕೂರಿಸಬೇಕೆಂದು ನ್ಯಾಯಾಲಯ ಹೇಳಿದ್ದಕ್ಕೆ 1958ರಲ್ಲಿ ಕೆಲವು ಕಡೆ ಸರ್ಕಾರ ಶಾಲೆಗಳನ್ನೇ ಮುಚ್ಚಿತು. ಲಿಂಕ್ ಅವರ ಹೆಸರಾಂತ ಚಿತ್ರಗಳ ಶಾಂತ ಊರುಗಳಲ್ಲಿ ಈ ಬಿರುಕು ಕಾಣುವುದಿಲ್ಲ. ಗಣಿಗಳಿಗೆ ಯಂತ್ರಗಳು ಬಂದು ಕೆಲಸ ಕಳೆದುಕೊಳ್ಳುತ್ತಿದ್ದವರ ಮನೆಯೂ ಕಾಣುವುದಿಲ್ಲ.

ಈಗರ್ ಇರುವುದು ಮೆಕ್‌ಡೊವೆಲ್ ಎಂಬ ಜಿಲ್ಲೆಯಲ್ಲಿ. ಅದರ ಜನಸಂಖ್ಯೆ 1950ರಲ್ಲಿ ಸುಮಾರು 99 ಸಾವಿರ. 2020ರ ಜನಗಣತಿಯಲ್ಲಿ ಸುಮಾರು 19 ಸಾವಿರ. ಐವರಲ್ಲಿ ನಾಲ್ವರು ಇಲ್ಲವಾದ ಲೆಕ್ಕ. ಉಗಿ ಎಂಜಿನ್ ಹೋಗಿಬಿಡುತ್ತದೆ ಎಂದು ಲಿಂಕ್ ಆತುರದಿಂದ ಚಿತ್ರ ತೆಗೆದರು. ಹೋದದ್ದು ಎಂಜಿನ್ ಒಂದೇ ಅಲ್ಲ. ಹಳಿ ಇದೆ, ಡೀಸೆಲ್ ರೈಲು ಓಡುತ್ತದೆ. ಪಕ್ಕದ ಊರುಗಳು ಖಾಲಿಯಾದವು. ಎಂಜಿನ್ನನ್ನು ಸಂಗ್ರಹಾಲಯದಲ್ಲಿ ಇಡಬಹುದು, ಆ ರೈಲ್ವೆಯ ಕೆಲವನ್ನು ಇಟ್ಟೂ ಇದ್ದಾರೆ. ಸಿನಿಮಾ ನೋಡುತ್ತ ಕಾರಿನಲ್ಲಿ ಕುಳಿತ ಒಂದು ಊರನ್ನು ಇಡಲು ಯಾವ ಸಂಗ್ರಹಾಲಯಕ್ಕೂ ಆಗದು. ಬದಿಯಲ್ಲಿದ್ದವರಿಗೂ ದೀಪ ಇಟ್ಟದ್ದರಿಂದ ಆ ಊರಿನ ಒಂದು ರಾತ್ರಿಯಾದರೂ ಉಳಿದಿದೆ. ತಮಗೆ ಗೊತ್ತಿದ್ದುದಕ್ಕಿಂತ ದೊಡ್ಡ ವಿದಾಯವನ್ನು ಲಿಂಕ್ ಚಿತ್ರಿಸಿದರು ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕಡೆ ನೋಡಿ. ಭಾರತದ ಬ್ರಾಡ್‌ಗೇಜ್‌ನಲ್ಲಿ ದಿನನಿತ್ಯದ ಉಗಿ ರೈಲಿನ ಓಟ ಮುಗಿದದ್ದು 1995ರಲ್ಲಿ. ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ; ಎಂಜಿನ್ನುಗಳನ್ನು ಹತ್ತಿ ನೋಡಿದ ಮಕ್ಕಳು ಎಷ್ಟೋ ಮಂದಿ. ಆದರೆ ಆ ಎಂಜಿನ್ನಿಗೆ ಕಲ್ಲಿದ್ದಲು ಎತ್ತಿಹಾಕಿದವರ, ನಿಲ್ದಾಣದಲ್ಲಿ ಲಾಟೀನು ಹಿಡಿದು ನಿಂತವರ, ಹಳಿಯ ಪಕ್ಕದ ಮನೆಗಳಲ್ಲಿ ರೈಲಿನ ಸದ್ದಿಗೆ ಮಗ್ಗುಲು ಬದಲಿಸಿದವರ ಚಿತ್ರಗಳನ್ನು ಹುಡುಕುತ್ತ ಹೋದರೆ ಕೈಗೆ ಸಿಗುವುದು ಬಹಳ ಕಡಿಮೆ.

ಕೊನೆಗೆ ಎರಡು ಮಾತು. ಲಿಂಕ್ ಬಲ್ಬು ಹೊತ್ತಿಸಿದ್ದು ರೈಲ್ವೆಯ ಅನುಮತಿ ಪಡೆದು. ನೀವು ಕತ್ತಲಲ್ಲಿ ನಿಂತು ಬರುವ ರೈಲಿನ ಚಾಲಕನ ಕಣ್ಣಿಗೆ ಫ್ಲ್ಯಾಷ್ ಹೊಡೆಯಬೇಡಿ. ಸಿಗ್ನಲ್ ನೋಡಬೇಕಾದ ಕಣ್ಣು ಅದು. ಅನುಮತಿಯಿಲ್ಲದೆ ಹಳಿಗೆ ಇಳಿಯುವುದು 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ, ಅದಕ್ಕಿಂತ ಮೊದಲು ಜೀವಕ್ಕೆ ಅಪಾಯ.

ಎರಡನೆಯದು, ಇಂದಿನ ಡಿಜಿಟಲ್ ಕ್ಯಾಮೆರಾಗಳು ನಿಲ್ದಾಣದ ಮಂದ ದೀಪದಲ್ಲೂ ಕಾಣಬಲ್ಲವು. ಅರವತ್ತು ಬಲ್ಬು, ಉದ್ದನೆಯ ತಂತಿ ಈಗ ಬೇಡ. ಬೆಳಕು ಸುಲಭವಾಯಿತು, ಯಾರ ಮುಖಕ್ಕೆ ಎಂಬ ಯೋಚನೆ ಮಾತ್ರ ಸುಲಭವಾಗಿಲ್ಲ. ಕಾವಲಿನವರಿದ್ದ ಗೇಟುಗಳು ಹೋಗಿ ಕೆಳಸೇತುವೆಗಳು ಬರುತ್ತಿವೆ. ನಿಮ್ಮೂರಿನ ಗೇಟು ಇನ್ನೂ ಇದ್ದರೆ, ಗೇಟ್‌ಮನ್ ಪರಿಚಯವಿದ್ದರೆ, ಒಂದು ರಾತ್ರಿ ಅವರ ಒಪ್ಪಿಗೆ ಕೇಳಿ, ರೈಲ್ವೆಯವರ ಅನುಮತಿಯನ್ನೂ ಪಡೆದು ಹೋಗಿ. ರೈಲು ಚಿತ್ರದ ಮೂಲೆಯಲ್ಲಿ ಹೋದರೂ ಸಾಕು. ಹಸಿರು ದೀಪ ಹಿಡಿದ ಆ ಕೈ ನಡುವೆ ಇರಲಿ.